ಅಧಿಕಾರವಿಲ್ಲದ ಅರಸುತನ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಏಳಂತಸ್ತಿನ ರಾಜಗೋಪುರವನ್ನು ದೂರದಿಂದಲೇ ಕಂಡು ಕೈಮುಗಿಯುವ ಯಾತ್ರಿಕರಲ್ಲಿ ಬಹುಮಂದಿ, ಇಷ್ಟು ಭವ್ಯವಾದ ಕಟ್ಟಡವು ಸಕಲಾಧಿಕಾರಸಂಪನ್ನನಾದ ದೊರೆಯೊಬ್ಬನ ವೈಭವದ ದಿನಗಳಲ್ಲಿ ಎದ್ದುದಾಗಿರಬೇಕೆಂದು ಭಾವಿಸುವುದು ಸಹಜವೇ ಸರಿ. ವಾಸ್ತವವು ಅದಕ್ಕೆ ತೀರ ವಿರುದ್ಧವಾಗಿದೆ. ಆ ಗೋಪುರವನ್ನು 1845ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾದ ದೇವಾಜಮ್ಮಣ್ಣಿಯವರು. ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆಯೇ, 1831ರಲ್ಲಿ, ಕಂಪನಿ ಸರ್ಕಾರವು ಮೈಸೂರಿನ ಆಡಳಿತವನ್ನು ದೊರೆಯ ಕೈಯಿಂದ ಕಸಿದುಕೊಂಡು ಕಮಿಷನರುಗಳ ವಶಕ್ಕೆ ಒಪ್ಪಿಸಿತ್ತು. ತೆರಿಗೆ ವಿಧಿಸಲಾರದ, ಸೈನ್ಯವನ್ನು ಕಳುಹಿಸಲಾರದ, ಒಬ್ಬ ಅಮಲ್ದಾರನನ್ನೂ ನೇಮಿಸಲಾರದ ಅರಸನ ಅಂತಃಪುರದಿಂದ ಬಂದ ಕಾಣಿಕೆ ಅದು. ಅದೇ ದೇವಾಲಯದಲ್ಲಿ ರಾಣಿಯರೊಡನೆ ಕೈಜೋಡಿಸಿ ನಿಂತಿರುವ ಮುಮ್ಮಡಿಯವರ ಭಕ್ತವಿಗ್ರಹವನ್ನು ಕಂಡವರು, ರಾಜ್ಯವನ್ನು ಕಳೆದುಕೊಂಡವನೂ ರಾಜನಾಗಿಯೇ ಉಳಿಯಬಲ್ಲನೆಂಬ ವಿಚಿತ್ರವನ್ನು ಶಿಲೆಯಲ್ಲಿ ಕಂಡಂತೆಯೇ ಆಯಿತು.

ರಾಜ್ಯವು ಹೋದ ಮೇಲೆ ರಾಜವಂಶದ ಯಜಮಾನನಿಗೆ ಉಳಿಯುವ ಕೆಲಸವೇನು? ಈ ಪ್ರಶ್ನೆಯನ್ನು ಯೂರೋಪಿನ ಜರ್ಮನಿಯಲ್ಲಿ ಕೇಳಿದರೆ ಒಂದು ಬಗೆಯ ಉತ್ತರವೂ, ಮೈಸೂರಿನಲ್ಲಿ ಕೇಳಿದರೆ ಮತ್ತೊಂದು ಬಗೆಯ ಉತ್ತರವೂ ದೊರೆಯುತ್ತವೆ. ಅಲ್ಲಿಯ ರಾಜಕುಲಗಳಿಗೆ ಪದಚ್ಯುತಿಯು ಒಂದೇ ತಿಂಗಳಿನಲ್ಲಿ ಬಂದೆರಗಿದ ಆಘಾತ. ನಮ್ಮ ಒಡೆಯರ ಮನೆತನಕ್ಕಾದರೋ ಅದು ಹಳೆಯ ಪರಿಚಯ. ಕಳೆದ ಸುಮಾರು ಮುನ್ನೂರು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಆ ಮನೆತನವು ಅಧಿಕಾರವಿಲ್ಲದೆಯೇ ಕಳೆದಿದೆ. ಇಂದಿನ ಯಜಮಾನರಾದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಬಾಳನ್ನು ಅರಿಯಬೇಕಾದರೆ ಮೊದಲು ಈ ಹಿನ್ನೆಲೆಯನ್ನು ಅರಿಯಬೇಕು. ಹಾಗೆ ಅರಿಯಲು ಮೈಸೂರಿನ ಅರಮನೆಗಿಂತಲೂ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳೇ ತಕ್ಕ ಸ್ಥಳಗಳು.

ನಂಜನಗೂಡಿನ ಸಮೀಪದಲ್ಲಿ ಕಳಲೆ ಎಂಬ ಊರಿದೆ. ಮೈಸೂರಿನ ಒಡೆಯರಿಗೆ ಹೆಣ್ಣುಗಳನ್ನು ಕೊಟ್ಟು, ದಳವಾಯಿಗಳನ್ನೂ ಕೊಟ್ಟ ಅರಸು ಮನೆತನದ ಮೂಲಸ್ಥಾನವದು. ಸೇನಾಪತಿಗಳಾಗಿ ಬಂದ ಕಳಲೆಯವರು ಹದಿನೆಂಟನೆಯ ಶತಮಾನದಲ್ಲಿ ರಾಜ್ಯದ ನಿಜವಾದ ಪ್ರಭುಗಳಾದರು. 1734ರಲ್ಲಿ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಅಟ್ಟಿದವರೂ ಅವರೇ. ಅದರ ಮರುವರ್ಷ, 1735ರಲ್ಲಿ, ಕಪಿಲೆಗೆ ಅಡ್ಡಲಾಗಿ ನಂಜನಗೂಡಿನ ಬಳಿ ಎದ್ದ ದಳವಾಯಿ ಸೇತುವೆಯು ಯಾರ ಕೈಯಲ್ಲಿ ಬೊಕ್ಕಸವಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಅರಸನ ಹೆಸರು ಶಾಸನಗಳಲ್ಲಿಯೂ ನಾಣ್ಯಗಳಲ್ಲಿಯೂ ಉಳಿದಿತ್ತಾದರೂ ಆಜ್ಞೆ ಹೊರಡುತ್ತಿದ್ದುದು ದಳವಾಯಿಯ ಮನೆಯಿಂದ. ದಳವಾಯಿಗಳನ್ನು ಮೀರಿ ಬೆಳೆದ ಹೈದರಾಲಿಯೂ ಸಿಂಹಾಸನವನ್ನು ತಾನೇ ಏರದೆ, ಒಡೆಯರನ್ನು ಅದರ ಮೇಲೆಯೇ ಉಳಿಸಿ, ದಸರೆಯ ದಿನಗಳಲ್ಲಿ ಪ್ರಜೆಗಳಿಗೆ ದರ್ಶನ ಕೊಡಿಸುವ ಪದ್ಧತಿಯನ್ನಿಟ್ಟುಕೊಂಡಿದ್ದನು. ದೈವದ ವಿಷಯದಲ್ಲಿಯೂ ಇಂಥದೇ ನಿರಂತರತೆ ಕಾಣುವುದು: ಆನೆಯ ಕಣ್ಣಿನ ಬೇನೆ ಗುಣವಾಯಿತೆಂದು ಟಿಪ್ಪು ಸುಲ್ತಾನನು ನಂಜುಂಡನನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂಬ ಐತಿಹ್ಯವು ಇಂದಿಗೂ ದೇವಾಲಯದಲ್ಲಿ ಕೇಳಬರುವುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಐದು ವರ್ಷದ ಬಾಲಕನಾದ ಮುಮ್ಮಡಿಗೆ ಪಟ್ಟವಾದುದೂ, 1831ರಲ್ಲಿ ಆಡಳಿತವು ಕೈತಪ್ಪಿದುದೂ, ಐವತ್ತು ವರ್ಷಗಳ ತರುವಾಯ 1881ರಲ್ಲಿ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿ ಬಂದುದೂ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯಗಳೇ. ನಾವು ಇಲ್ಲಿ ಗಮನಿಸಬೇಕಾದುದು ಒಂದು. ಆ ಐವತ್ತು ವರ್ಷಗಳಲ್ಲಿ ಅರಮನೆಯು ಬರಿದೇ ಕುಳಿತಿರಲಿಲ್ಲ. ವಿದ್ವಾಂಸರಿಗೆ ಆಶ್ರಯವನ್ನಿತ್ತಿತು, ‘ಶ್ರೀತತ್ತ್ವನಿಧಿ’ಯಂತಹ ಸಚಿತ್ರ ಮಹಾಸಂಗ್ರಹವನ್ನು ರಚಿಸಿತು, ದೇವಾಲಯಗಳನ್ನು ಜೀರ್ಣೋದ್ಧಾರಗೊಳಿಸಿತು. ಆಳುವುದು ನಿಂತರೂ ಅರಸುತನವನ್ನು ನಡೆಸುವ ಬಗೆಯನ್ನು ಮೈಸೂರು ಕಲಿತುದು ಆ ಕಾಲದಲ್ಲಿ.

ಇನ್ನು ಜರ್ಮನಿಯ ಕಡೆಗೆ ನೋಡೋಣ. 1918ರ ನವೆಂಬರ್ ತಿಂಗಳಿನಲ್ಲಿ, ಮೊದಲನೆಯ ಮಹಾಯುದ್ಧದ ಸೋಲಿನ ನಡುವೆ, ಚಕ್ರವರ್ತಿಯಿಂದ ಮೊದಲ್ಗೊಂಡು ಆ ದೇಶದ ಸಣ್ಣಪುಟ್ಟ ಪ್ರಭುಗಳವರೆಗೆ ಎಲ್ಲರೂ ಸಿಂಹಾಸನಗಳನ್ನು ತ್ಯಜಿಸಬೇಕಾಯಿತು. 1180ರಿಂದ ಬವೇರಿಯಾವನ್ನು ಆಳಿಕೊಂಡು ಬಂದಿದ್ದ ವಿಟೆಲ್ಸ್‌ಬಾಖ್ ವಂಶದ ಆಳ್ವಿಕೆಯೂ ಅದೇ ತಿಂಗಳು ಕೊನೆಗಂಡಿತು. 1919ರ ವೈಮಾರ್ ಸಂವಿಧಾನದ 109ನೆಯ ವಿಧಿಯು ಹುಟ್ಟಿನಿಂದ ಬರುವ ವಿಶೇಷ ಹಕ್ಕುಗಳನ್ನೆಲ್ಲ ರದ್ದುಗೊಳಿಸಿ, ರಾಜಬಿರುದುಗಳನ್ನು ಹೆಸರಿನ ಒಂದು ಭಾಗವಾಗಿ ಮಾತ್ರ ಇಟ್ಟುಕೊಳ್ಳಲು ಅನುಮತಿ ನೀಡಿತು. ನೆರೆಯ ಆಸ್ಟ್ರಿಯಾ ಅಷ್ಟನ್ನೂ ಉಳಿಸಲಿಲ್ಲ. ಜರ್ಮನಿಯಲ್ಲಿ ಆಸ್ತಿಯ ಪ್ರಶ್ನೆಯು ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ರಾಜಕುಲಗಳ ಸೊತ್ತನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು 1926ರ ಜೂನ್ 20ರಂದು ಜನಮತಗಣನೆ ನಡೆದಾಗ ಒಂದು ಕೋಟಿ ನಲವತ್ತು ಲಕ್ಷಕ್ಕೂ ಮಿಕ್ಕ ಜನರು ಹೌದೆಂದು ಮತವಿತ್ತರು. ಆದರೆ ಅರ್ಹ ಮತದಾರರೆಲ್ಲರ ಅರ್ಧಭಾಗವನ್ನು ಮುಟ್ಟಬೇಕೆಂಬ ನಿಯಮವಿದ್ದುದರಿಂದ ಆ ಪ್ರಯತ್ನವು ಬಿದ್ದುಹೋಯಿತು. ಹೀಗೆ ಅಲ್ಲಿಯ ರಾಜವಂಶಗಳಿಗೆ ಅಧಿಕಾರವು ಹೋಗಿ ಅರಣ್ಯಗಳು, ಕೋಟೆಗಳು, ಚಿತ್ರಸಂಗ್ರಹಗಳು ಉಳಿದುವು. ಅವುಗಳ ಪಾಲನೆಯೇ ವಂಶದ ಯಜಮಾನನ ಮುಖ್ಯ ಕಾಯಕವಾಯಿತು.

ರೇಗೆನ್ಸ್‌ಬುರ್ಗ್ ನಗರದ ಥುರ್ನ್ ಉಂಡ್ ಟಾಕ್ಸಿಸ್ ಮನೆತನವು ಇದಕ್ಕೆ ಒಳ್ಳೆಯ ನಿದರ್ಶನ. ಶತಮಾನಗಳ ಕಾಲ ಯೂರೋಪಿನ ಅಂಚೆಯನ್ನು ನಡೆಸಿ ಶ್ರೀಮಂತರಾದ ಈ ಮನೆತನದವರು ನೆಪೋಲಿಯನ್ನನ ಕಾಲದಲ್ಲಿಯೇ ಸ್ವತಂತ್ರ ಪ್ರಭುತ್ವವನ್ನು ಕಳೆದುಕೊಂಡರು. ಅಂಚೆಯೂ 1867ರಲ್ಲಿ ಪ್ರಷ್ಯದ ಪಾಲಾಯಿತು. ಇಂದಿನ ಯಜಮಾನ ಆಲ್ಬರ್ಟ್ ಎಂಬವರು 1983ರಲ್ಲಿ ಹುಟ್ಟಿ, 1990ರಲ್ಲಿ ತಂದೆ ತೀರಿಕೊಂಡಾಗ ಏಳು ವರ್ಷದ ಬಾಲಕರಾಗಿಯೇ ವಂಶದ ಹಿರಿತನಕ್ಕೆ ಬಂದರು. ಸಾಲದ ಹೊರೆಯನ್ನು ಇಳಿಸಲು ತಾಯಿಯವರು 1993ರಲ್ಲಿ ಅರಮನೆಯ ಒಡವೆ ವಸ್ತುಗಳನ್ನು ಹರಾಜಿಗಿಟ್ಟರು. ಮಗನಾದರೋ ಬೆಳೆದು ಕಾರು ಪಂದ್ಯಗಳ ಚಾಲಕನಾಗಿ 2010ರಲ್ಲಿ ಜರ್ಮನಿಯ ಒಂದು ಪ್ರಮುಖ ಸ್ಪರ್ಧಾಮಾಲಿಕೆಯನ್ನು ಗೆದ್ದರು. ಅವರ ಸೇಂಟ್ ಎಮ್ಮೆರಾಮ್ ಅರಮನೆಯನ್ನು ಜನರು ಟಿಕೇಟು ಕೊಂಡು ನೋಡುತ್ತಾರೆ. ಕ್ರಿಸ್ಮಸ್ ಸಮಯದಲ್ಲಿ ಅಲ್ಲಿಯ ಅಂಗಳದಲ್ಲಿ ಸಂತೆ ನೆರೆಯುತ್ತದೆ. ಬವೇರಿಯಾದ ವಿಟೆಲ್ಸ್‌ಬಾಖ್ ವಂಶದ ಫ್ರಾನ್ಸ್ ಅವರ ಜೀವನವು ಬೇರೆ ಬಗೆಯದು: ಹನ್ನೊಂದನೆಯ ವಯಸ್ಸಿನಲ್ಲಿ, 1944ರಲ್ಲಿ, ಕುಟುಂಬದೊಡನೆ ನಾಜಿಗಳ ಬಂಧನ ಶಿಬಿರಗಳನ್ನು ಕಂಡವರು, ಮುಂದೆ ಆಧುನಿಕ ಚಿತ್ರಕಲೆಯ ಸಂಗ್ರಾಹಕರಾಗಿ ಹೆಸರಾದರು, 1923ರಲ್ಲಿ ಸರ್ಕಾರದೊಡನೆ ಆದ ಒಡಂಬಡಿಕೆಯಿಂದ ಸ್ಥಾಪಿತವಾದ ಪರಿಹಾರನಿಧಿಯ ಆದಾಯವು ಅವರ ವಂಶಕ್ಕೆ ಇಂದಿಗೂ ಸಲ್ಲುತ್ತಿದೆ. ಕೈಸರನ ವಂಶಜರಾದ ಗೇಯೋರ್ಗ್ ಫ್ರೀಡ್ರಿಷ್ ಅವರು ಕಲಾವಸ್ತುಗಳ ಒಡೆತನಕ್ಕಾಗಿ ಸರ್ಕಾರದೊಡನೆ ದೀರ್ಘಕಾಲ ವ್ಯಾಜ್ಯ ನಡೆಸಿ 2025ರಲ್ಲಿ ಒಪ್ಪಂದಕ್ಕೆ ಬಂದರು. ಮೂವರಲ್ಲಿ ಯಾರೊಬ್ಬರಿಗೂ ವರ್ಷಕ್ಕೊಮ್ಮೆ ಸಿಂಹಾಸನವನ್ನೇರುವ ಕರ್ತವ್ಯವಿಲ್ಲ; ಅಂತಹ ಸಿಂಹಾಸನವನ್ನು ಅಲ್ಲಿ ಯಾರೂ ಜೋಡಿಸಿಡುವುದೂ ಇಲ್ಲ.

ಮೈಸೂರಿನಲ್ಲಿ ಅಧಿಕಾರದ ಹಸ್ತಾಂತರವು ಹಂತಹಂತವಾಗಿ ನಡೆಯಿತು. ‘ಮೈಸೂರು ಚಲೋ’ ಚಳವಳಿಯ ಫಲವಾಗಿ 1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರವು ಬಂದಿತು; ಗಾಂಧೀಜಿಯವರು ಕಂಡು ಹೋಗಿದ್ದ ಬದನವಾಳು ಮತ್ತು ತಗಡೂರಿನ ಖಾದಿ ಕೇಂದ್ರಗಳ ಪ್ರಭಾವದಿಂದ ನಂಜನಗೂಡಿನ ಸೀಮೆಯೂ ಆ ಹೋರಾಟದಲ್ಲಿ ಹಿಂದೆ ಬಿದ್ದಿರಲಿಲ್ಲ. ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, ಬಳಿಕ ಮೈಸೂರಿನ ರಾಜ್ಯಪಾಲರಾಗಿ, 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿ ಗಣರಾಜ್ಯದ ಸೇವೆಯಲ್ಲಿಯೇ ನಿಂತರು. ಕರ್ಣಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದ ಈ ವಾಗ್ಗೇಯಕಾರರಿಗೆ ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಅಭಿರುಚಿಯಿದ್ದಿತು. ಜರ್ಮನಿಯ ಮಹಾನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಗೀತೆಗಳು ಆತನ ಮರಣಾನಂತರ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಲ್ಪಟ್ಟಾಗ ಆ ಕಚೇರಿಯ ವೆಚ್ಚಕ್ಕೆ ಹೊಣೆಯಾಗಿ ನಿಂತವರು ಮೈಸೂರಿನ ಈ ದೊರೆಯೇ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಜರ್ಮನಿಯ ರಾಜರು ಪೋಷಕತ್ವವನ್ನು ನಿಲ್ಲಿಸಿ ಮೂವತ್ತು ವರ್ಷಗಳಾಗಿದ್ದ ಸಮಯದಲ್ಲಿ, ಜರ್ಮನ್ ಸಂಗೀತಕ್ಕೆ ಕಾವೇರಿ ತೀರದಿಂದ ರಾಜಾಶ್ರಯವು ದೊರೆತಂತಾಯಿತು.

ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನವೂ, ಅದರೊಡನೆ ಬಿರುದುಗಳ ಅಧಿಕೃತ ಮನ್ನಣೆಯೂ 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಕೊನೆಗೊಂಡುವು. 1974ರಲ್ಲಿ ಜಯಚಾಮರಾಜರು ತೀರಿಕೊಂಡಾಗ ಇಪ್ಪತ್ತೊಂದರ ಹರೆಯದ ಶ್ರೀಕಂಠದತ್ತ ನರಸಿಂಹರಾಜ ಒಡೆಯರು, ಬಿರುದಿಲ್ಲದ, ವೇತನವಿಲ್ಲದ ಹಿರಿತನಕ್ಕೆ ವಾರಸುದಾರರಾದರು. ಅವರು ಮತಪೆಟ್ಟಿಗೆಯ ಮುಂದೆ ಹೋಗಿ ನಿಂತರು: 1984, 1989, 1996 ಮತ್ತು 1999ರಲ್ಲಿ ಮೈಸೂರಿನಿಂದ ಲೋಕಸಭೆಗೆ ಆಯ್ಕೆಯಾದರು, 1991ರಲ್ಲಿ ಪಕ್ಷ ಬದಲಿಸಿ ನಿಂತಾಗ ದೇವರಾಜ ಅರಸರ ಪುತ್ರಿ ಚಂದ್ರಪ್ರಭಾ ಅರಸು ಅವರೆದುರು ಸೋತರು, 2004ರಲ್ಲಿ ಮತ್ತೊಮ್ಮೆ ಸೋತರು. ಅರಮನೆಯ ಮೇಲಿನ ಗೌರವವು ಮತವಾಗಿ ಪರಿಣಮಿಸಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಮೈಸೂರಿನ ಮತದಾರನು ಎರಡು ಸಲ ತೋರಿಸಿಕೊಟ್ಟನು. ಇದರ ಜೊತೆಗೆ ಆಸ್ತಿಯ ವ್ಯಾಜ್ಯಗಳು. 1996ರ ಕಾನೂನಿನ ಮೂಲಕ ಸರ್ಕಾರವು 11 ಕೋಟಿ ರೂಪಾಯಿಗಳ ಪರಿಹಾರಕ್ಕೆ ಬೆಂಗಳೂರು ಅರಮನೆಯನ್ನೂ ಅದರ 472 ಎಕರೆಗಳ ಮೈದಾನವನ್ನೂ ಸ್ವಾಧೀನಪಡಿಸಿಕೊಳ್ಳಲು ಹೊರಟಿತು. 1998ರಲ್ಲಿ ಮೈಸೂರಿನ ಅರಮನೆಯ ಸ್ವಾಧೀನಕ್ಕೂ ಕಾನೂನು ಬಂದಿತು. ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತುವುದರಲ್ಲಿ ಜರ್ಮನಿಯ ರಾಜಕುಲದವರಿಗೂ ನಮ್ಮವರಿಗೂ ವ್ಯತ್ಯಾಸವಿಲ್ಲ. ಶ್ರೀಕಂಠದತ್ತರು 2013ರ ಡಿಸೆಂಬರ್ 10ರಂದು, ಮಕ್ಕಳಿಲ್ಲದೆ, ಯಾರನ್ನೂ ದತ್ತು ತೆಗೆದುಕೊಳ್ಳದೆ ನಿಧನರಾದರು.

ಈ ಸುದ್ದಿಯು ಬಂದ ದಿನ ಹಳೆಯ ಮೈಸೂರಿನ ಹಳ್ಳಿಹಳ್ಳಿಗಳಲ್ಲಿ ಜನರು ನೆನೆದುದು ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡನ್ನು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದಾಗ, ಆ ಪ್ರತಿನಿಧಿಯ ಪತ್ನಿ ಅಲಮೇಲಮ್ಮನು ಒಡವೆಗಳನ್ನು ಬಿಟ್ಟುಕೊಡಲೊಲ್ಲದೆ ಕಾವೇರಿಗೆ ಹಾರುವ ಮುನ್ನ, ತಲಕಾಡು ಮರಳಿನಲ್ಲಿ ಮುಚ್ಚಿಹೋಗಲೆಂದೂ, ಎದುರು ದಡದ ಮಾಲಂಗಿಯು ಮಡುವಾಗಲೆಂದೂ, ಮೈಸೂರು ದೊರೆಗಳಿಗೆ ಸಂತತಿಯಿಲ್ಲದಾಗಲೆಂದೂ ಶಪಿಸಿದಳೆಂಬುದು ಕತೆ. ಗಂಗರ ರಾಜಧಾನಿಯಾಗಿದ್ದ ತಲಕಾಡಿನ ದೇವಾಲಯಗಳು ಮರಳಿನ ದಿಬ್ಬಗಳಲ್ಲಿ ಹೂತಿರುವುದೇನೋ ಕಣ್ಣಿಗೆ ಕಾಣುವ ಸತ್ಯ. ನದಿಯ ತಿರುವು, ಮೇಲ್ಭಾಗದ ಮಾಧವಮಂತ್ರಿಯ ಅಣೆಕಟ್ಟು, ಬೇಸಿಗೆಯಲ್ಲಿ ತೆರೆದುಕೊಳ್ಳುವ ಮರಳಿನ ಪಾತ್ರ, ನೈರುತ್ಯದ ಗಾಳಿ ಇವುಗಳ ಕೂಡುವಿಕೆಯಿಂದ ಹೀಗಾಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಸಂತತಿಯ ವಿಷಯದಲ್ಲಿ ಶಾಪಕ್ಕಿಂತ ವಂಶಾವಳಿಯು ಸ್ಪಷ್ಟವಾಗಿ ಮಾತನಾಡುತ್ತದೆ: 1894ರಲ್ಲಿ ಚಾಮರಾಜೇಂದ್ರರ ತರುವಾಯ ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜರು ಅವರ ಔರಸಪುತ್ರರು, 1974ರಲ್ಲಿ ಹಿರಿತನಕ್ಕೆ ಬಂದ ಶ್ರೀಕಂಠದತ್ತರೂ ತಂದೆಯ ಔರಸಪುತ್ರರೇ. ಹೀಗಿದ್ದರೂ ಕತೆಯು ಸಾಯದೆ ಉಳಿದುದಕ್ಕೆ ಕಾರಣವಿದೆ. ಸೋತವರ ಕಣ್ಣೀರಿಗೆ ಗೆದ್ದವರು ಎಂದಾದರೂ ಉತ್ತರ ಕೊಡಬೇಕಾಗುವುದೆಂಬ ಸಾಮಾನ್ಯರ ನ್ಯಾಯಬುದ್ಧಿಯು ಅದರಲ್ಲಿ ನೆಲೆಗೊಂಡಿದೆ. ಅರಮನೆಯೂ ಆಕೆಯನ್ನು ಮರೆಯದೆ ಅವಳ ವಿಗ್ರಹಕ್ಕೆ ಪೂಜೆ ಸಲ್ಲಿಸಿಕೊಂಡು ಬಂದಿದೆಯೆಂದು ಪ್ರತೀತಿಯಿದೆ.

ಶಾಪವು ನಿಜವಿರಲಿ ಇಲ್ಲದಿರಲಿ, ದತ್ತಕವು ಈ ವಂಶದ ಬೆನ್ನೆಲುಬಾಗಿ ಬಂದಿದೆ. ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡು, ಅದಕ್ಕೆ 1867ರಲ್ಲಿ ಬ್ರಿಟಿಷ್ ಸರ್ಕಾರದ ಒಪ್ಪಿಗೆಯನ್ನು ಪಡೆಯದೆ ಹೋಗಿದ್ದರೆ ಮೈಸೂರು ಸಂಸ್ಥಾನವೇ ಉಳಿಯುತ್ತಿರಲಿಲ್ಲ. ಅದೇ ಮಾರ್ಗವನ್ನು ಹಿಡಿದು ರಾಣಿ ಪ್ರಮೋದಾದೇವಿಯವರು 2015ರ ಫೆಬ್ರವರಿ 23ರಂದು, ಜಯಚಾಮರಾಜರ ಹಿರಿಯ ಪುತ್ರಿ ಗಾಯತ್ರಿದೇವಿಯವರ ದೌಹಿತ್ರರಾದ ಯದುವೀರರನ್ನು ಸ್ವೀಕರಿಸಿದರು; ಮೇ 28ರಂದು ಅಂಬಾವಿಲಾಸ ಅರಮನೆಯಲ್ಲಿ ಪಟ್ಟಾಭಿಷೇಕವಾಯಿತು. ಜರ್ಮನಿಯಲ್ಲಿಯೂ ದತ್ತಕದಿಂದ ರಾಜನಾಮವನ್ನು ಪಡೆದವರುಂಟು; ಆನ್‌ಹಾಲ್ಟ್ ವಂಶದ ವೃದ್ಧೆಯೊಬ್ಬರು 1980ರಲ್ಲಿ ಅನ್ಯನೊಬ್ಬನನ್ನು ದತ್ತು ತೆಗೆದುಕೊಂಡುದು ಜಗತ್ಪ್ರಸಿದ್ಧವಾದ ಪ್ರಸಂಗ. ಆದರೆ ಅಲ್ಲಿ ಕಾನೂನು ಹೆಸರನ್ನು ಕೊಟ್ಟರೂ ಕುಲವು ಅಂಥವರನ್ನು ತನ್ನವರೆಂದು ಗಣಿಸುವುದಿಲ್ಲ. ನಮ್ಮಲ್ಲಿ ಹಾಗಲ್ಲ: ಬಿರುದಿಗೆ ಕಾನೂನಿನ ಮಾನ್ಯತೆಯೇ ಇಲ್ಲ, ಶಾಸ್ತ್ರೋಕ್ತವಾಗಿ ದತ್ತುಹೋಮವು ನಡೆದು ಅರಸು ಮನೆತನಗಳೂ ಜನರೂ ಒಪ್ಪಿದರೆಂದರೆ ಅದೇ ಸಂಪೂರ್ಣವಾದ ಪ್ರಮಾಣ.

1992ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಮೆರಿಕೆಯ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಓದಿ ಬಂದ ಈ ತರುಣನು, ಹತ್ತಿರ ಹತ್ತಿರ ಇಪ್ಪತ್ತಮೂರರ ವಯಸ್ಸಿನಲ್ಲಿ, 1399ರ ಯದುರಾಯನಿಂದ ಮೊದಲಾದ ಪರಂಪರೆಯ 27ನೆಯ ಯಜಮಾನನೆನಿಸಿದನು. ಮರುವರ್ಷ ರಾಜಸ್ಥಾನದ ಡುಂಗರಪುರದ ತ್ರಿಷಿಕಾ ಕುಮಾರಿಯವರೊಡನೆ ವಿವಾಹ. 2017ರ ಡಿಸೆಂಬರಿನಲ್ಲಿ ಆದ್ಯವೀರನ ಜನನ. 2024ರ ನವರಾತ್ರಿಯ ದಿನಗಳಲ್ಲಿ ಎರಡನೆಯ ಪುತ್ರನ ಜನನ. ವರ್ಷದ ಬಹುಭಾಗ ಇತರ ವಿದ್ಯಾವಂತರಂತೆಯೇ ಷರಟು ಧರಿಸಿ ಸಭೆಗಳಿಗೆ ಹೋಗಿಬರುವ ಇವರು ನವರಾತ್ರಿ ಬಂದಿತೆಂದರೆ ಕಂಕಣಬದ್ಧರಾಗಿ ಅರಮನೆಯ ಕಟ್ಟಳೆಗಳಿಗೆ ಒಳಗಾಗುತ್ತಾರೆ. ಗೆಜ್ಜಗಳ್ಳಿಯ ಗ್ರಾಮಸ್ಥರು ಬಂದು ರತ್ನಸಿಂಹಾಸನದ ಭಾಗಗಳನ್ನು ಜೋಡಿಸುತ್ತಾರೆ. ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುಗಳು ಬರುತ್ತವೆ. ಬಹುಪರಾಕಿನ ನಡುವೆ ಖಾಸಗಿ ದರ್ಬಾರು ನಡೆಯುತ್ತದೆ. ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಬನ್ನಿಪೂಜೆಯೂ ಮುಗಿದ ಮೇಲೆಯೇ ಕಂಕಣದ ವಿಸರ್ಜನೆ. 2014ರಲ್ಲಿ ಯಜಮಾನರೇ ಇಲ್ಲದಿದ್ದಾಗ ಪಟ್ಟದ ಕತ್ತಿಯನ್ನು ಸಿಂಹಾಸನದ ಮೇಲಿಟ್ಟು ವಿಧಿಗಳನ್ನು ನೆರವೇರಿಸಲಾಯಿತು. ವ್ಯಕ್ತಿಗಿಂತ ವಿಧಿಯು ದೊಡ್ಡದೆಂಬುದು ಇದರಿಂದ ತಿಳಿಯುವುದು. ಹೊರಗಡೆ ಜಂಬೂಸವಾರಿಯ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿಯಿರುತ್ತದೆ. ಆ ಮೆರವಣಿಗೆಯು ಸರ್ಕಾರದ್ದು. ಒಂದೇ ಹಬ್ಬದಲ್ಲಿ ರಾಜನಿಗೆ ಒಳಾಂಗಣವೂ ಪ್ರಜಾಪ್ರಭುತ್ವಕ್ಕೆ ಬೀದಿಯೂ ಸೇರಿರುವ ಈ ಪಾಲುಪಟ್ಟಿಯನ್ನು ಯಾವ ಶಾಸನವೂ ಬರೆಯಲಿಲ್ಲ.

2024ರಲ್ಲಿ ಯದುವೀರರು ಭಾರತೀಯ ಜನತಾ ಪಕ್ಷದಿಂದ ನಿಂತು, 1,39,262 ಮತಗಳ ಅಂತರದಿಂದ ಗೆದ್ದು, ಮೈಸೂರು–ಕೊಡಗಿನ ಲೋಕಸಭಾ ಸದಸ್ಯರಾದರು. ಇಲ್ಲಿ ಓದುಗರು ಒಂದು ಭೂಗೋಳದ ಸಂಗತಿಯನ್ನು ಗಮನಿಸಬೇಕು. ಮೈಸೂರು ಜಿಲ್ಲೆಗೇ ಸೇರಿದ್ದರೂ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳು ಅವರ ಕ್ಷೇತ್ರದಲ್ಲಿಲ್ಲ. ಅವು ಚಾಮರಾಜನಗರ ಲೋಕಸಭಾ ಕ್ಷೇತ್ರದ ಭಾಗಗಳು. ಆ ಲೋಕಸಭಾ ಕ್ಷೇತ್ರವೂ, 2008ರ ಪುನರ್ವಿಂಗಡಣೆಯ ತರುವಾಯದ ಈ ಎರಡು ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಜಾತಿಗಳಿಗೆ ಮೀಸಲಾಗಿರುವುದರಿಂದ ಒಡೆಯರ ವಂಶಸ್ಥನು ಬಯಸಿದರೂ ಅಲ್ಲಿ ಉಮೇದುವಾರನಾಗಿ ನಿಲ್ಲುವಂತಿಲ್ಲ. ಇದನ್ನು ಅರಮನೆಯು ಕಳೆದುಕೊಂಡುದೆಂದು ಎಣಿಸುವುದು ಸರಿಯಾಗದು. ಹಿಂದುಳಿದವರಿಗೆ ಸರ್ಕಾರದ ಉದ್ಯೋಗಗಳಲ್ಲಿ ಪಾಲು ದೊರೆಯಬೇಕೆಂದು 1918ರಲ್ಲಿ ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿ, ದಿವಾನ ವಿಶ್ವೇಶ್ವರಯ್ಯನವರ ಭಿನ್ನಾಭಿಪ್ರಾಯವನ್ನೂ ಲೆಕ್ಕಿಸದೆ, 1921ರಲ್ಲಿ ಅದನ್ನು ಆಜ್ಞೆಯಾಗಿ ಹೊರಡಿಸಿದವರು ಇದೇ ವಂಶದ ನಾಲ್ವಡಿಯವರು. ಮೀಸಲಾತಿಯ ತತ್ತ್ವವು ಅಂದಿನಿಂದ ಬಹುದೂರ ಬೆಳೆದು, ಅದನ್ನು ನೆಟ್ಟವರ ವಂಶದವರು ಕಾಲಿಡದಂತಹ ಒಂದು ಎಲ್ಲೆಯನ್ನೂ ಗುರುತಿಸಿದೆಯೆಂದರೆ ಅದು ನೆಟ್ಟವರ ದೂರದೃಷ್ಟಿಗೇ ಸಲ್ಲುವ ಗೌರವ.

ಹೀಗಾಗಿ ಈ ಎರಡು ತಾಲ್ಲೂಕುಗಳಲ್ಲಿ ಅರಸುತನವನ್ನು ಯಾವ ಮಿಶ್ರಣವೂ ಇಲ್ಲದೆ ಪರೀಕ್ಷಿಸಬಹುದು. ಶ್ರೀಕಂಠೇಶ್ವರನ ದೇವಾಲಯವು ಮುಜರಾಯಿ ಇಲಾಖೆಯ ಆಡಳಿತದಲ್ಲಿದೆ. ಪಂಚಮಹಾರಥಗಳನ್ನೆಳೆಯುವ ದೊಡ್ಡ ಜಾತ್ರೆಯ ವ್ಯವಸ್ಥೆಯನ್ನು ನೋಡಿಕೊಳ್ಳುವವರು ತಹಶೀಲ್ದಾರರೂ ಪೊಲೀಸರೂ. ಕಾವೇರಿ ಕಪಿಲೆಗಳ ಸಂಗಮದಲ್ಲಿ 1989ರಿಂದ ಮೂರು ವರ್ಷಗಳಿಗೊಮ್ಮೆ ನೆರೆಯುವ ಕುಂಭಮೇಳವು ಒಡೆಯರ ಕಾಲದ್ದೇ ಅಲ್ಲ, ಗಣರಾಜ್ಯದ ಕಾಲದ್ದು. ಅರಮನೆಯ ಅನುಮತಿಯಿಲ್ಲದೆ ನಿಂತುಹೋಗುವ ಕಾರ್ಯ ಇಲ್ಲಿ ಒಂದೂ ಇಲ್ಲ. ಇಲ್ಲಿಯ ಜನರು ಈ ವಂಶಸ್ಥರಿಗೆ ಮತ ಹಾಕಲಾರರು, ಅವರಿಂದ ರಸ್ತೆಯನ್ನೋ ನಾಲೆಯನ್ನೋ ಕೇಳಲಾರರು. ಪತ್ರಿಕೆಗಳು ‘ರಾಜವಂಶಸ್ಥ’ರೆಂದು ಬರೆದರೆ, ಹಳಬರು ‘ಮಹಾಸ್ವಾಮಿ’ಯವರೆಂದು ಆಡಿದರೆ, ಅದರಿಂದ ಆಡಿದವರಿಗೆ ಕಾಸಿನ ಲಾಭವಿಲ್ಲ. ಲಾಭವಿಲ್ಲದ ಕಡೆಯೂ ಉಳಿದಿರುವ ಗೌರವವೇ ನಿಜವಾದ ಗೌರವ.

ಆದರೆ ಆ ಗೌರವವು ಪುಕ್ಕಟೆಯಾಗಿ ದೊರೆಯುವ ಆಸ್ತಿಯಲ್ಲ. ಕೆರೆ ಕಟ್ಟಿಸಿದ, ಕನ್ನಂಬಾಡಿ ಕಟ್ಟಿಸಿದ, ಶಾಲೆ ತೆರೆದ ಹಿರಿಯರ ಪುಣ್ಯದ ಮೇಲೆ ಬಂದುದು ಅದು. ಆಡಳಿತವಿಲ್ಲದ ದಿನಗಳಲ್ಲಿಯೂ ವಿದ್ಯೆಯನ್ನೂ ಸಂಗೀತವನ್ನೂ ದೇವಾಲಯವನ್ನೂ ಪೋಷಿಸಿದ ಮುಮ್ಮಡಿಯವರೂ ಜಯಚಾಮರಾಜರೂ ಅದನ್ನು ಬೆಳೆಸಿದರು. ಜರ್ಮನಿಯ ರಾಜವಂಶಜನು ತನ್ನ ಅರಣ್ಯವನ್ನೂ ಕೋಟೆಯನ್ನೂ ಚೆನ್ನಾಗಿ ನೋಡಿಕೊಂಡರೆ ಒಳ್ಳೆಯ ಆಸ್ತಿವಂತನೆನಿಸುತ್ತಾನೆ. ಅವನಿಂದ ಅದಕ್ಕಿಂತ ಹೆಚ್ಚನ್ನು ಅಲ್ಲಿಯ ಸಮಾಜವು ಕೇಳುವುದಿಲ್ಲ. ಮೈಸೂರಿನ ಯಜಮಾನನಿಂದ ಕೇಳುವುದು ಬೇರೆ. ಲೋಕಸಭೆಯಲ್ಲಿ ಒಂದು ಪಕ್ಷದವನಾಗಿಯೂ ಸಿಂಹಾಸನದ ಮೇಲೆ ಎಲ್ಲ ಪಕ್ಷದವರಿಗೂ ಸೇರಿದವನಾಗಿಯೂ ಇರುವುದು ಸುಲಭವಲ್ಲ. ಒಂದರ ಮರ್ಯಾದೆಯನ್ನು ಮತ್ತೊಂದರ ಮತಕ್ಕಾಗಿ ವ್ಯಯಿಸಿದರೆ ಎರಡೂ ಕೆಡುವುವು. ಶ್ರೀಕಂಠದತ್ತರು ಈ ಸಮತೋಲದಲ್ಲಿ ಗೆಲುವನ್ನೂ ಸೋಲನ್ನೂ ಕಂಡರು. ಯದುವೀರರ ಪಾಲಿಗೆ ಆ ಪರೀಕ್ಷೆಯು ಈಗತಾನೇ ಆರಂಭವಾಗಿದೆ. ಅದರ ಫಲಿತಾಂಶವನ್ನು ಮೈಸೂರಿನ ಮತಗಟ್ಟೆಗಳು ಐದು ವರ್ಷಗಳಿಗೊಮ್ಮೆ ಹೇಳಬಹುದು. ಆದರೆ ಮತದ ಹಂಗಿಲ್ಲದ ನಂಜನಗೂಡು, ತಿರುಮಕೂಡಲು ನರಸೀಪುರಗಳ ಜನರು ಹೇಳುವ ತೀರ್ಪೇ ಹೆಚ್ಚು ಕಾಲ ನಿಲ್ಲತಕ್ಕದ್ದು.